ಮೂರು ಹಂದಿ, ಮೂರು ಮನೆತನ

ಹದಿನೈದು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೊನೆಕೊಯ್ಲು ಶುರುವಾಗಿದೆ. ರಾತ್ರಿ ಸುಲಿಯೋದು, ಬೆಳಗ್ಗೆ ಬೇಯಿಸೋದು, ಮೋಡ ಬಂದ್ರೆ ಓಡಿಹೋಗಿ ಮುಚ್ಚೋದು, ನಿಮಗೆಲ್ಲ ಗೊತ್ತಿರೋದೇ. ಇವತ್ತು ಬರೀತಿರೋದು ನಮ್ಮ ತೋಟದ ದರೆಯಲ್ಲಿರೋ ಒಂದು ಬಿಲದ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಹೊಸ ತೋಟ ಸೊಪ್ಪಿನ ಬೆಟ್ಟಕ್ಕೆ ತಾಗಿಕೊಂಡೇ ಇದೆ. ಮೂರು ವರ್ಷದ ಅಡಿಕೆ ಸಸಿಗಳು. ಕಳೆದ ತಿಂಗಳು ಒಂದು ಬೆಳಗ್ಗೆ ಹೋಗಿ ನೋಡಿದ್ರೆ ಆರು ಸಸಿಗಳ ಬುಡ ಸುತ್ತಲೂ ಕೆರೆದು ಹಾಕಿದೆ. ಮರುದಿನ ನಾಲ್ಕು. ಅದರ ಮರುದಿನ ಮತ್ತೆ ನಾಲ್ಕು. ಒಟ್ಟು ಹದಿನಾಲ್ಕು. ಮೂರು ವರ್ಷ ನೀರು ಹೊತ್ತು, ಸೊಪ್ಪು ಹಾಕಿ, ಬಿಸಿಲಿಗೆ ಮರೆ ಕಟ್ಟಿ ಸಾಕಿದ ಸಸಿ. ಹೊಟ್ಟೆ ಉರೀದೆ ಇರುತ್ತಾ?

ಮೇಲಿನ ಮನೆ ಅಣ್ಣ ಬಂದು ನೋಡಿದ. ಸಸಿ ನೋಡಿದ, ಹಾಗೇ ದರೆಗುಂಟ ಒಂದು ಸುತ್ತು ಹಾಕಿ ಬಂದು, "ತಮ್ಮಾ, ಬಿಲ ಸಿಕ್ತು ಕಣೋ. ಹಂದಿದೇ ಕೆಲಸ. ಹೊಸ ಮಣ್ಣು ಎಳೆದು ಹಾಕಿದೆ. ಇವತ್ತು ರಾತ್ರಿನೇ ಹೊಗೆ ಹಾಕೋಣ, ಇಲ್ಲಾಂದ್ರೆ ಬಾಳೆಹಣ್ಣಿಗೆ ಏನಾದ್ರೂ ಸವರಿ ಇಟ್ರಾಯ್ತು" ಅಂದ.

"ಯಾವ ಹಂದಿ ಅಣ್ಣ?" ಅಂತ ಕೇಳಿದೆ.

"ಯಾವುದಾದ್ರೇನೋ, ಹಂದಿ ಹಂದಿನೇ. ನಿನ್ನ ಸಸಿ ಉಳೀಬೇಕಾ ಬೇಡ್ವಾ?"

ಎರಡು ದಿನ ತಡಿ ಅಂದೆ. ಅವನಿಗೆ ಸಿಟ್ಟು ಬಂತು. ನಾನು ಯಾಕೆ ತಡಿ ಅಂದೆ ಅಂತ ಅವನಿಗೂ ಹೇಳಿರಲಿಲ್ಲ. ಇಲ್ಲಿ ಹೇಳ್ತೀನಿ.

ನಾನಾಗ ಏಳನೇ ಕ್ಲಾಸು. ಮನೆ ಹಿಂದಿನ ಹಿತ್ತಲಲ್ಲಿ ಅಪ್ಪಯ್ಯ ಸುವರ್ಣಗೆಡ್ಡೆ, ಮರಗೆಣಸು ಹಾಕಿದ್ರು. ದಿನಾ ರಾತ್ರಿ ಯಾವುದೋ ಬಂದು ಅಗೆದು ತಿಂದು ಹೋಗ್ತಿತ್ತು. ಬೇಲಿಯಾಚೆ ಬ್ಯಾಣದ ಅಂಚಲ್ಲಿ ಬಿಲ ಕಂಡಿತು. ಮುಳ್ಳುಹಂದಿ ಅಂತ ಎಲ್ಲರೂ ತೀರ್ಮಾನ ಮಾಡಿದ್ರು. ನಾಲ್ಕೈದು ಜನ ಸೇರಿದ್ರು. ಒಣಹುಲ್ಲು, ಹಾಳೆ, ಮೆಣಸಿನಕಾಯಿ ಹಾಕಿ ಹೊಗೆ ಎಬ್ಬಿಸಿದ್ರು. ಬೆಳಗಿನ ಜಾವ ಹಾರೆ ಗುದ್ದಲಿ ತಗೊಂಡು ಅಗೆದ್ರು. ಬುಟ್ಟಿ ಗಾತ್ರದ ಒಂದು ಉಂಡೆ ಹೊರಗೆ ಬಂತು. ಮುಳ್ಳಿಲ್ಲ, ಮೈಯೆಲ್ಲ ಚಿಪ್ಪು. ಒಬ್ಬರು ಕೊಡಲಿ ಹಿಂಬದಿಯಿಂದ ಹೊಡೆದ್ರು. ಹೊಡೆದಷ್ಟೂ ಅದು ಇನ್ನೂ ಬಿಗಿಯಾಗಿ ಸುತ್ತಿಕೊಳ್ತು. ಓಡ್ಲಿಲ್ಲ, ಕಚ್ಚಲಿಲ್ಲ. ಕೊನೆಗೆ ಸಡಿಲ ಆದಾಗ ಹೊಟ್ಟೆಯ ಮಡಿಕೆಯೊಳಗೆ ಒಂದು ಮರಿ ಇತ್ತು. ಅದೂ ಹೊಗೆಗೆ ಸತ್ತಿತ್ತು.

ಅಪ್ಪಯ್ಯ ಕೂತು ಅದರ ಬಾಯಿ ಬಿಡಿಸಿ ನೋಡಿದ್ರು. ಆಮೇಲೆ ನನ್ನ ಕಡೆ ನೋಡದೇ, "ಗೆಡ್ಡೆ ತಿಂದದ್ದು ಇದಲ್ಲ. ಇದರ ಬಾಯಲ್ಲಿ ಹಲ್ಲೇ ಇಲ್ಲ" ಅಂದ್ರು. ಅವತ್ತು ರಾತ್ರಿನೂ ಗೆಡ್ಡೆ ಹೋಯ್ತು. ಮರುದಿನ ರಾತ್ರಿನೂ ಹೋಯ್ತು.

ಅಪ್ಪಯ್ಯ ಈಗಿಲ್ಲ. ಆದ್ರೆ ಆ ಮಾತು ಕಿವಿಯಲ್ಲೇ ಇದೆ. ನಾವು ಹಲ್ಲು ನೋಡಿದ್ದು ಕೊಂದ ಮೇಲೆ.

ಈಗ ಈ ವರ್ಷದ ಬಿಲದ ವಿಷಯ. ಅವತ್ತು ಸಂಜೆ ಜಗಲಿ ಮೇಲೆ ಇದೇ ಮಾತಾಡ್ತಾ ಕೂತಿದ್ವಿ. ಮಗಳು ಪಿಯುಸಿ ಓದ್ತಾಳೆ, ಸೈನ್ಸು. "ಅಪ್ಪಯ್ಯ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಮೂರೂ ಹಂದಿ ಅಂತ ಕರೀತೀವಲ್ಲ, ಮೂರೂ ಬೇರೆ ಬೇರೆ ಗಣ ಗೊತ್ತಾ? ಅದ್ರಲ್ಲಿ ನಿಜವಾದ ಹಂದಿ ಒಂದೇ" ಅಂದ್ಳು.

ಗಣ ಅಂದ್ರೇನು ಅಂತ ಅವಳೇ ಬಿಡಿಸಿ ಹೇಳಿದ್ದು ಹೀಗೆ. ಮರಿಗೆ ಹಾಲೂಡಿಸೋ, ಮೈಮೇಲೆ ಕೂದಲಿರೋ ಪ್ರಾಣಿಗಳೆಲ್ಲ ಸಸ್ತನಿ ಅನ್ನೋ ಒಂದು ವರ್ಗ. ಆ ವರ್ಗದೊಳಗೆ ದೊಡ್ಡ ದೊಡ್ಡ ಮನೆತನಗಳಿವೆ, ಅವೇ ಗಣ. ಗಣದೊಳಗೆ ಕುಟುಂಬ, ಕುಟುಂಬದೊಳಗೆ ಜಾತಿ, ಕೊನೆಗೆ ಪ್ರಭೇದ. ಭೂಮಿ ಮೇಲೆ ಸಸ್ತನಿ ಪ್ರಭೇದಗಳು 6,000ಕ್ಕೂ ಹೆಚ್ಚು, ಗಣಗಳು ಸುಮಾರು 27. ಒಂದೊಂದು ಪುಸ್ತಕದಲ್ಲಿ ಒಂದೆರಡು ಹೆಚ್ಚು ಕಮ್ಮಿ ಇರುತ್ತೆ. ಒಂದೇ ಗಣ ಅಂದ್ರೆ ಎಲ್ಲೋ ಹಿಂದೆ ಒಂದೇ ಮೂಲಪುರುಷನಿಂದ ಕವಲೊಡೆದು ಬಂದವು ಅಂತ ಅರ್ಥ. ನೋಡೋಕೆ ಒಂದೇ ತರ ಇರಬೇಕು ಅಂತ ಏನಿಲ್ಲ.

ಕಾಡುಹಂದಿ ಜೋಡಿ ಗೊರಸಿನ ಗಣ. ನಮ್ಮ ಕೊಟ್ಟಿಗೆಯ ದನ, ಆಡು, ಕಾಡಿನ ಕಡವೆ, ಕಾಟಿ ಎಲ್ಲ ಅದೇ ಮನೆತನ. ಮುಳ್ಳುಹಂದಿ ದಂಶಕ ಗಣ, ಅಂದ್ರೆ ಇಲಿ, ಹೆಗ್ಗಣ, ಅಳಿಲಿನ ಮನೆತನ. ಚಿಪ್ಪುಹಂದಿದು ಅದರದ್ದೇ ಒಂದು ಪ್ರತ್ಯೇಕ ಗಣ. ಆ ಗಣದಲ್ಲಿ ಬೇರೆ ಯಾವ ಪ್ರಾಣಿಯೂ ಇಲ್ಲ, ಬರೀ ಚಿಪ್ಪುಹಂದಿಗಳೇ. ಬಹಳ ಕಾಲದಿಂದ ಪುಸ್ತಕಗಳಲ್ಲಿರೋ ಲೆಕ್ಕದ ಪ್ರಕಾರ ಎಂಟು ಪ್ರಭೇದ, ನಾಲ್ಕು ಏಷ್ಯಾದಲ್ಲಿ, ನಾಲ್ಕು ಆಫ್ರಿಕಾದಲ್ಲಿ. ಅಷ್ಟೇ.

ಅವಳು ಇನ್ನೊಂದು ಮಾತು ಹೇಳಿದ್ಳು. ನನಗೆ ಮೊದಲು ನಂಬಿಕೆ ಬರಲಿಲ್ಲ. ಮುಳ್ಳುಹಂದಿಗೆ ಕಾಡುಹಂದಿಗಿಂತ ಮನುಷ್ಯ ಹತ್ತಿರದ ನೆಂಟನಂತೆ. ಇಲಿ, ಮೊಲ, ಮಂಗ, ಮನುಷ್ಯ ಇವೆಲ್ಲ ಒಂದು ದೊಡ್ಡ ಕವಲು. ಹಂದಿ, ದನ, ನಾಯಿ, ಬೆಕ್ಕು, ಬಾವಲಿ, ಚಿಪ್ಪುಹಂದಿ ಇನ್ನೊಂದು ಕವಲು. ಅದರಲ್ಲೂ ಚಿಪ್ಪುಹಂದಿಗೆ ತೀರಾ ಹತ್ತಿರದ ಸಂಬಂಧಿಕರು ಅಂದ್ರೆ ನಾಯಿ, ಚಿರತೆ, ಮುಂಗುಸಿಗಳ ಮಾಂಸಾಹಾರಿ ಗಣ. ಇದನ್ನ ತೋರಿಸಿಕೊಟ್ಟಿದ್ದು ಡಿಎನ್‌ಎ.

ನಾವು ಇದಕ್ಕೆಲ್ಲ ಹೊಸಬರೇನಲ್ಲ ಅನ್ನಿಸ್ತು ನನಗೆ. ಜಾತ್ರೆಯಲ್ಲಿ ಹೋರಿ ಬಾಯಿ ಬಿಡಿಸಿ ನೋಡದೆ ಯಾರಾದ್ರೂ ಮುಂಗಡ ಕೊಡ್ತೀವಾ? ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಅಂತ ಹಲ್ಲಿನ ಮೇಲೇ ವಯಸ್ಸು ಹೇಳ್ತೀವಿ. ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಅಲ್ಲಿ ಗಟ್ಟಿ ವಸಡು ಮಾತ್ರ, ಅದಕ್ಕೇ ನಾಲಿಗೆ ಸುತ್ತಿ ಹುಲ್ಲು ಕಿತ್ಕೊಳ್ಳುತ್ತೆ ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಗಣ ವಿಂಗಡಿಸಿದವರೂ ಶುರು ಮಾಡಿದ್ದು ಇಲ್ಲಿಂದಲೇ. ಹಲ್ಲು ನೋಡಿದ್ರು, ಪಾದ ನೋಡಿದ್ರು.

ದಂಶಕಗಳ ಬಾಯಿ ನೋಡಿ. ಮೇಲೆ ಒಂದು ಜೋಡಿ, ಕೆಳಗೆ ಒಂದು ಜೋಡಿ ಬಾಚಿಹಲ್ಲು. ಅವು ಸಾಯೋ ತನಕ ಬೆಳೀತಾನೇ ಇರ್ತವೆ. ಹಲ್ಲಿನ ಮುಂಭಾಗ ಮಾತ್ರ ಗಟ್ಟಿ, ಹಿಂಭಾಗ ಮೆತ್ತಗೆ. ಹಾಗಾಗಿ ಕಡಿದಷ್ಟೂ ಹಿಂದಿನದು ಬೇಗ ಸವೆದು ಬಡಗಿ ಉಳಿ ತರ ಹರಿತ ಆಗುತ್ತೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ಮಧ್ಯೆ ದೊಡ್ಡ ಖಾಲಿ ಜಾಗ, ಕೋರೆಹಲ್ಲು ಇಲ್ಲ. ಕಡಿಯದೇ ಸುಮ್ನೆ ಇದ್ರೆ ಹಲ್ಲು ಉದ್ದ ಬೆಳೆದು ಬಾಯಿ ಮುಚ್ಚೋಕೇ ಆಗಲ್ಲ. ಇಲಿ ಪೈಪು, ವೈರು, ಬಾಗಿಲು ಕಡಿಯೋದಕ್ಕೆ ಇದೂ ಒಂದು ಕಾರಣ. ಮುಳ್ಳುಹಂದಿದೂ ಇದೇ ಬಾಯಿ, ಗಾತ್ರ ದೊಡ್ಡದು ಅಷ್ಟೇ. ಅದು ಸತ್ತ ಪ್ರಾಣಿಯ ಮೂಳೆ, ಕೊಂಬುಗಳನ್ನೂ ಬಿಲದ ಹತ್ರ ತಂದು ಕಡೀತಾ ಇರುತ್ತೆ. ಮುಳ್ಳು ಎಸೆಯುತ್ತೆ ಅಂತ ನಾವು ಹೇಳ್ತೀವಲ್ಲ, ಅದು ಸುಳ್ಳು. ಎಸೆಯೋಕೆ ಅದಕ್ಕೆ ಬರಲ್ಲ. ಬೆನ್ನು ಹಾಕಿ ಹಿಮ್ಮೆಟ್ಟಿ ಚುಚ್ಚುತ್ತೆ, ಸಡಿಲ ಇದ್ದ ಮುಳ್ಳು ನಾಯಿ ಮೂತಿಯಲ್ಲೇ ಉಳಿಯುತ್ತೆ.

ಕಾಡುಹಂದಿಗೆ ಕೋರೆ ಇದೆ, ಮೂತಿ ಇದೆ. ಅದು ಬಂದು ಹೋದ ಜಾಗ ನೇಗಿಲು ಹೊಡೆದ ಹಾಗಿರುತ್ತೆ. ಸಸಿಯನ್ನು ಬುಡಸಮೇತ ಎಬ್ಬಿಸಿ, ಒಳಗಿನ ತಿರುಳು ಅಗಿದು ನಾರು ಉಗುಳಿರುತ್ತೆ. ಹೆಜ್ಜೆ ನಮ್ಮ ಕರುವಿನ ಹೆಜ್ಜೆ ತರ ಎರಡು ಗೊರಸು. ಒದ್ದೆ ನೆಲದಲ್ಲಾದ್ರೆ ಹಿಂದೆ ಎರಡು ಸಣ್ಣ ಚುಕ್ಕೆನೂ ಬೀಳುತ್ತೆ.

ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಉದ್ದ ಅಂಟು ನಾಲಿಗೆ. ಒರಲೆ, ಇರುವೆ, ಅವುಗಳ ಮೊಟ್ಟೆ, ಅದೇ ಅದರ ಊಟ. ಅಗಿಯೋ ಕೆಲಸ ಹೊಟ್ಟೆಯೊಳಗೇ ಆಗುತ್ತೆ, ಜೊತೆಗೆ ನುಂಗಿದ ಸಣ್ಣ ಕಲ್ಲು ಮರಳು ಅರೆಯೋಕೆ ಸಹಾಯ ಮಾಡುತ್ತೆ. ಮುಂಗಾಲಲ್ಲಿ ಉದ್ದ ಉಗುರು, ಹುತ್ತ ಒಡೆಯೋಕೆ. ನಿಮ್ಮ ಅಡಿಕೆ ಸಸಿಯನ್ನ ಅದು ತಿನ್ನಬೇಕು ಅಂದ್ಕೊಂಡ್ರೂ ತಿನ್ನೋಕಾಗಲ್ಲ.

ಆದ್ರೆ ಹಲ್ಲು ನೋಡಿಯೂ ಜನ ಮೋಸ ಹೋಗಿದ್ದಾರೆ. ಗಣಗಳನ್ನ ಶಾಸ್ತ್ರ ಮಾಡಿ ಬರೆದವನು ಸ್ವೀಡನ್ ದೇಶದ ಲಿನೇಯಸ್. 1758ರಲ್ಲಿ ತನ್ನ ಪುಸ್ತಕದ ಹತ್ತನೇ ಆವೃತ್ತಿಯಲ್ಲಿ ಸಸ್ತನಿಗಳನ್ನೆಲ್ಲ ಎಂಟು ಗಣ ಮಾಡಿದ. ಆ ಎಂಟು ಗಣಗಳಲ್ಲಿ ಏನೇನಿತ್ತು ನೋಡಿ. ಹಂದಿ, ಮುಳ್ಳಿನ ಮೈಯ ಹೆಡ್ಜ್‌ಹಾಗ್, ಸೊಂಡಿಲಿ ಎಲ್ಲ ಒಂದೇ ಗಣ. ಆನೆ ಮತ್ತು ಚಿಪ್ಪುಹಂದಿ ಒಂದೇ ಗಣ. ಇಲಿ, ಮುಳ್ಳುಹಂದಿ, ಮೊಲದ ಜೊತೆಗೆ ಘೇಂಡಾಮೃಗ. ಮನುಷ್ಯ, ಮಂಗನ ಜೊತೆಗೆ ಬಾವಲಿ! ಅಷ್ಟು ದೊಡ್ಡ ವಿದ್ವಾಂಸನೇ ಹೀಗೆ ಗಂಟು ಹಾಕಿದ್ದ ಅಂದಮೇಲೆ, ಮೂರನ್ನೂ ಹಂದಿ ಅಂದ ನಮ್ಮ ಹಿರಿಯರದ್ದೇನೂ ದೊಡ್ಡ ತಪ್ಪಲ್ಲ. ಅವನ ನಂತರ ಬಂದವರು ಒಂದೊಂದನ್ನೇ ಬಿಡಿಸಿದ್ರು. ಚಿಪ್ಪುಹಂದಿಯನ್ನ ಎಷ್ಟೋ ಕಾಲ ಅಮೆರಿಕದ ಇರುವೆಬಾಕದ ಜೊತೆ ಇಟ್ಟಿದ್ರು, ಎರಡಕ್ಕೂ ಹಲ್ಲಿಲ್ಲ ಅಂತ. ಈಗ ಗೊತ್ತಾಗಿದೆ, ಇರುವೆ ತಿಂದು ತಿಂದು ಎರಡೂ ಬೇರೆ ಬೇರೆಯಾಗಿ ಹಲ್ಲು ಕಳ್ಕೊಂಡಿದ್ದು. ಕಸುಬು ಒಂದೇ ಆದ್ರೆ ಮನೆತನ ಒಂದೇ ಆಗಬೇಕಂತ ಇಲ್ಲ.

ಮೊಲದ ಕತೆನೂ ಹಾಗೇ. ಬಾಚಿಹಲ್ಲು ನೋಡಿ ಅದನ್ನ ಇಲಿಗಳ ಜೊತೆ ಸೇರಿಸಿದ್ರು. ಆಮೇಲೆ ಸರಿಯಾಗಿ ನೋಡಿದ್ರೆ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಜೋಡಿ ಸಣ್ಣ ಹಲ್ಲಿದೆ. 1912ರಲ್ಲಿ ಮೊಲಗಳಿಗೆ ಬೇರೆಯದೇ ಗಣ ಕೊಟ್ರು.

ತಿಮಿಂಗಿಲದ್ದು ಇನ್ನೂ ವಿಚಿತ್ರ. ಲಿನೇಯಸ್ ಮೊದಲು ಅದನ್ನ ಮೀನಿನ ಜೊತೆ ಇಟ್ಟಿದ್ದ. 1758ರಲ್ಲಿ ಸಸ್ತನಿಗೆ ಸೇರಿಸಿದ. ಈಗ ಅದು ನಮ್ಮ ದನ, ಹಂದಿಗಳ ಜೋಡಿ ಗೊರಸಿನ ಮನೆತನದಿಂದಲೇ ಕವಲೊಡೆದದ್ದು ಅಂತ ಗೊತ್ತಾಗಿದೆ. ಇದಕ್ಕೆ ಒಂದು ದೊಡ್ಡ ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ರಂಗರಾವ್ ಅನ್ನೋ ಭಾರತೀಯ ಭೂವಿಜ್ಞಾನಿ ಜಮ್ಮು ಕಾಶ್ಮೀರದ ಕಾಲಾಕೋಟ್ ಹತ್ತಿರ ಕಲ್ಲುಗಳನ್ನ ಕೂಡಿಟ್ಟಿದ್ರು. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳೊಳಗೆ ಸುಮಾರು 4 ಕೋಟಿ 80 ಲಕ್ಷ ವರ್ಷ ಹಿಂದಿನ, ಸಣ್ಣ ಬರ್ಕದಂಥ ಒಂದು ಪ್ರಾಣಿಯ ಮೂಳೆ ಸಿಕ್ತು. ಕಾಲು ಗೊರಸಿನ ಪ್ರಾಣಿದು, ಕಿವಿಯ ಮೂಳೆ ಮಾತ್ರ ತಿಮಿಂಗಿಲದ ತರ. ಇಂಡೋಹಯಸ್ ಅಂತ ಹೆಸರು. ತಿಮಿಂಗಿಲಕ್ಕೂ ಅದಕ್ಕೂ ಇರೋ ನೆಂಟಸ್ತನ 2007ರಲ್ಲಿ ಪ್ರಕಟ ಆಯ್ತು. ಅಂದ್ರೆ ನಮ್ಮ ಕಾಡುಹಂದಿಗೆ ಮುಳ್ಳುಹಂದಿಗಿಂತ ಸಮುದ್ರದ ತಿಮಿಂಗಿಲ ಹತ್ತಿರದ ನೆಂಟ!

ಇದೆಲ್ಲ ಕೇಳಿ ಮೇಲಿನ ಮನೆ ಅಣ್ಣ, "ಅದೆಲ್ಲ ಇರ್ಲಿ ಮಗಾ, ನಿಮ್ಮಪ್ಪಯ್ಯನ ಸಸಿ ಕಡಿದದ್ದು ಯಾರು ಅದನ್ನ ಹೇಳು" ಅಂದ. ಅದೂ ಸರಿಯಾದ ಪ್ರಶ್ನೆನೇ.

ಮರುದಿನ ಬೆಳಗ್ಗೆ ಮೂವರೂ ಹೋಗಿ ಮೊದಲು ಸಸಿ ನೋಡಿದ್ವಿ. ನೆಲ ಉತ್ತ ಹಾಗಿರಲಿಲ್ಲ, ಗೊರಸಿನ ಹೆಜ್ಜೆ ಎಲ್ಲೂ ಇಲ್ಲ. ಬುಡದಲ್ಲಿ ಜೋಡಿ ಜೋಡಿಯಾಗಿ ಅಗಲವಾದ ಉಳಿ ಗುರುತು. ಕಾಡುಹಂದಿ ಅಲ್ಲ, ದಂಶಕದ್ದೇ ಕೆಲಸ. ಆ ಗಾತ್ರದ ಹಲ್ಲಿರೋ ದಂಶಕ ನಮ್ಮಲ್ಲಿ ಮುಳ್ಳುಹಂದಿ ಒಂದೇ.

ಆಮೇಲೆ ಅಣ್ಣ ತೋರಿಸಿದ ಬಿಲಕ್ಕೆ ಹೋದ್ವಿ. ಬಾಯಲ್ಲಿ ಸಡಿಲ ಹೊಸ ಮಣ್ಣು. ಸುತ್ತ ಒಂದು ಮುಳ್ಳೂ ಬಿದ್ದಿಲ್ಲ, ಕಡಿದ ಮೂಳೆ ಇಲ್ಲ, ಹಿಕ್ಕೆ ಇಲ್ಲ. ಹತ್ತು ಮಾರು ಆಚೆ ಎರಡು ಹುತ್ತ ಬಗೆದು ಹಾಕಿದೆ, ಉಗುರಿನ ಗೀರು ಸ್ಪಷ್ಟ. ಮಗಳು ಮನೆಯಿಂದ ಒಲೆ ಬೂದಿ ತಂದು ಜರಡಿ ಹಿಡಿದು ಬಿಲದ ಮುಂದೆ ತೆಳ್ಳಗೆ ಹರಡಿದ್ಳು. ಮಾರನೇ ದಿನ ಬೆಳಗ್ಗೆ ಬೂದಿಯಲ್ಲಿ ಉಗುರಿನ ಗುರುತು, ಮಧ್ಯದಲ್ಲಿ ಬಾಲ ಎಳೆದ ಗೆರೆ. ಅಣ್ಣ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಚಿಪ್ಪುಹಂದಿ" ಅಂದ. ಬೇರೆ ಏನೂ ಹೇಳಲಿಲ್ಲ.

ಮುಳ್ಳುಹಂದಿ ಬಿಲ ಸಿಕ್ಕಿದ್ದು ಅಲ್ಲಿಂದ ಅರವತ್ತು ಹೆಜ್ಜೆ ಮೇಲೆ, ಲಂಟಾನ ಮಟ್ಟಿಯೊಳಗೆ ಬಂಡೆ ಅಡಿಯಲ್ಲಿ. ಬಾಯಲ್ಲೇ ನಾಲ್ಕು ಮುಳ್ಳು, ಕಡಿದ ಒಂದು ದನದ ಮೂಳೆ. ಇದು ಕಳ್ಳನ ಮನೆ. ನಾವು ಅವತ್ತು ರಾತ್ರಿ ಹೊಗೆ ಹಾಕಲಿಕ್ಕೆ ಹೊರಟಿದ್ದು ಒರಲೆ ತಿಂದು ಬದುಕೋ ಪ್ರಾಣಿ ಮನೆಗೆ. ಅಪ್ಪಯ್ಯನ ಕಾಲದಲ್ಲಿ ಆದದ್ದೇ ಇನ್ನೊಂದು ಸಲ ಆಗ್ತಿತ್ತು, ಅದೂ ನನ್ನ ಕೈಯಿಂದ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಚಿಪ್ಪಿಗೆ ದುಡ್ಡು ಸಿಗುತ್ತೆ ಅಂತ ಅಲ್ಲಲ್ಲಿ ಪಿಸುಮಾತು ಇದೆ, ನಿಮ್ಮ ಕಿವಿಗೂ ಬಿದ್ದಿರುತ್ತೆ. ಚಿಪ್ಪು ಅಂದ್ರೆ ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಅದೇ ಸರಕು, ಕೆರಾಟಿನ್. ಮುಳ್ಳುಹಂದಿ ಮುಳ್ಳೂ ಅದೇ, ಕಾಡುಹಂದಿ ಕೂದಲೂ ಅದೇ. ಅದರಲ್ಲಿ ಔಷಧ ಇದ್ದಿದ್ರೆ ನಾವು ವಾರಕ್ಕೊಮ್ಮೆ ಉಗುರು ಕತ್ತರಿಸಿ ಬಿಸಾಕ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಚಿಪ್ಪುಹಂದಿ ಇದೆ. 2017ರಿಂದ ಎಲ್ಲಾ ಚಿಪ್ಪುಹಂದಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧ ಇದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತೆ, ತಾಯಿ ಬಾಲದ ಬುಡದ ಮೇಲೆ ಕೂರಿಸ್ಕೊಂಡು ತಿರುಗುತ್ತೆ. ಕಳ್ಕೊಂಡ್ರೆ ಬೇಗ ತುಂಬಿಕೊಳ್ಳೋ ಸಂತಾನ ಅಲ್ಲ ಅದು.

ಇದಾದ ಮೇಲೆ ನಾನು ತೋಟದ ಸುತ್ತ ಇರೋ ಪ್ರಾಣಿಗಳನ್ನೆಲ್ಲ ಗಣದ ಲೆಕ್ಕದಲ್ಲಿ ನೋಡೋಕೆ ಶುರು ಮಾಡಿದೆ. ಎಂಟು ಗಣ ಸಿಕ್ಕವು, ದನನೂ ಸೇರಿಸಿ. ಬಾಕಿ ಇರೋವುಗಳಲ್ಲಿ ನಿಮಗೆ ಉಪಯೋಗ ಆಗೋ ಮೂರ್ನಾಲ್ಕು ಹೇಳ್ತೀನಿ.

ಸೊಂಡಿಲಿ. ಮೂತಿ ಉದ್ದ, ಗೋಡೆ ಪಕ್ಕ ಚಿಂವ್ ಚಿಂವ್ ಅಂತ ಓಡುತ್ತೆ, ಕೆಟ್ಟ ವಾಸನೆ. ಹೆಸರಲ್ಲಿ ಇಲಿ ಇದ್ರೂ ಅದು ಇಲಿ ಅಲ್ಲ, ದಂಶಕನೇ ಅಲ್ಲ. ಹೋದ ವರ್ಷ ಅಡಿಕೆ ಚೀಲದ ಕೋಣೆಗೆ ಇಲಿಗೆ ಅಂತ ಅಂಟಿನ ಹಲಗೆ ಇಟ್ಟಿದ್ದೆ, ಸೊಂಡಿಲಿ ಬಿತ್ತು. ಬಾಯಿ ನೋಡಿದ್ರೆ ಉಳಿಯಂಥ ಬಾಚಿಹಲ್ಲಿಲ್ಲ, ಮಧ್ಯೆ ಖಾಲಿ ಜಾಗ ಇಲ್ಲ, ಸಾಲಾಗಿ ಸೂಜಿಯಂಥ ಮೊನಚು ಹಲ್ಲು. ಜಿರಲೆ, ಹುಳ ಹಿಡಿಯೋ ಹಲ್ಲು ಅದು. ಅದು ಚೀಲ ಕಡಿದು ಹಾಳು ಮಾಡಿದ್ದು ನಾನಂತೂ ನೋಡಿಲ್ಲ. ಈಗ ಕಂಡ್ರೆ ಬಾಗಿಲು ತೆಗೆದು ಬಿಡ್ತೀನಿ.

ಬಾವಲಿ. ರೆಕ್ಕೆ ಬಿಡಿಸಿ ನೋಡಿದ್ರೆ ಐದು ಬೆರಳಿನ ಕೈ, ಬೆರಳುಗಳ ಮಧ್ಯೆ ಚರ್ಮ. ಪ್ರಪಂಚದ ಸಸ್ತನಿ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು 40 ದಂಶಕಗಳು, ಸುಮಾರು 20 ಬಾವಲಿಗಳು. ಒಂದೇ ಗಣ ಆದ್ರೂ ಊಟ ಒಂದೇ ಅಲ್ಲ. ದೊಡ್ಡ ಕಣ್ಣಿನವು ಹಣ್ಣು ತಿನ್ನೋವು, ನಮ್ಮ ಹಣ್ಣಡಿಕೆ ಸಿಪ್ಪೆ ಚೀಪಿ ಅಡಿಕೆ ಉದುರಿಸೋದು ಇವೇ. ಹೆಂಚಿನ ಸಂದಿಯ ಸಣ್ಣವು ರಾತ್ರಿಯೆಲ್ಲ ಹುಳ ಹಿಡೀತವೆ. ಹಾಗಾಗಿ ಗಣ ಗೊತ್ತಾದ್ರೆ ಎಲ್ಲಾ ಗೊತ್ತಾಯ್ತು ಅಂತ ತಿಳೀಬೇಡಿ. ಪುನುಗು ಬೆಕ್ಕು ಮಾಂಸಾಹಾರಿ ಗಣದ್ದು, ಆದ್ರೆ ಕಾಫಿ ಹಣ್ಣು ಆರಿಸಿ ತಿನ್ನೋದರಲ್ಲಿ ಅದಕ್ಕಿಂತ ಜಾಣ ಯಾರಿದ್ದಾರೆ?

ಇನ್ನು ಮಂಗ. ನಮ್ಮಲ್ಲಿ ಅತೀ ಹೆಚ್ಚು ಹಾಳು ಮಾಡೋರು ಯಾರು ಅಂತ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ. ಅದು ನಮ್ಮದೇ ಗಣ, ಮಾರಾಯ್ರೆ. ಹಿಡಿಯೋ ಕೈ, ಎರಡೂ ಮುಂದಕ್ಕೆ ನೋಡೋ ಕಣ್ಣು, ನೆನಪಿಟ್ಕೊಳ್ಳೋ ತಲೆ. ನಾವು ಹಾಕಿದ ಬೇಲಿ ಅದಕ್ಕೆ ಅರ್ಥ ಆಗೋದು ಅದಕ್ಕೇ. ಇನ್ನೊಂದು ಗಂಭೀರ ವಿಷಯ. 1957ರಲ್ಲಿ ನಮ್ಮ ಸೊರಬ ಕಡೆಯ ಕ್ಯಾಸನೂರು ಕಾಡಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತೆ. ಅದೇ ಉಣುಗು ದನಕ್ಕೂ ಹತ್ತುತ್ತೆ, ದನ ಅದರಿಂದ ಕಾಯಿಲೆ ಬೀಳಲ್ಲ. ಮಂಗ ಸಾಯುತ್ತೆ, ಮನುಷ್ಯನೂ ಸಾಯ್ತಾನೆ. ತೋಟದಲ್ಲಿ ಮಂಗ ಸತ್ತು ಬಿದ್ದಿದ್ರೆ ಪೀಡೆ ಹೋಯ್ತು ಅಂತ ಸುಮ್ಮನಾಗಬೇಡಿ. ಮುಟ್ಟಬೇಡಿ, ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಆ ಜಾಗಕ್ಕೆ ಸೊಪ್ಪಿಗೆ, ದರಗಿಗೆ ಹೋಗಬೇಡಿ.

ವಿಷದ ಬಗ್ಗೆನೂ ಒಂದು ಮಾತು. ವಿಷಕ್ಕೆ ಗಣ ಗೊತ್ತಾಗಲ್ಲ. ಇಲಿಗೆ ಇಟ್ಟಿದ್ದನ್ನ ಸೊಂಡಿಲಿ ಮುಟ್ಟುತ್ತೆ, ನಾಯಿ ಮುಟ್ಟುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪಾಷಾಣ ತಿಂದ ಇಲಿ ತಕ್ಷಣ ಸಾಯಲ್ಲ, ಕೆಲವು ದಿನ ತೂರಾಡ್ತಾ ತಿರುಗುತ್ತೆ. ಅದನ್ನ ಗೂಬೆ ಹಿಡಿದ್ರೆ ಗೂಬೆಗೂ ಸೇರುತ್ತೆ. ಆಮೇಲೆ ಇಲಿ ಹಿಡಿಯೋರು ಯಾರು?

ಸರಿ, ಮುಳ್ಳುಹಂದಿಗೆ ಏನು ಮಾಡಿದೆ ಅಂತ ಕೇಳ್ತೀರಿ. ಎಲ್ಲ ಸುಖಾಂತ್ಯ ಆಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಹಳೇ ಎಣ್ಣೆ ಡಬ್ಬ ಬಿಡಿಸಿ ತಗಡು ಮಾಡಿ, ಬೆಟ್ಟದ ಬದಿಯ ಎರಡು ಸಾಲು ಸಸಿಗಳ ಬುಡಕ್ಕೆ ಮೊಣಕಾಲೆತ್ತರ ಸುತ್ತಿದ್ವಿ. ಸಸಿ ದಪ್ಪ ಆದ ಹಾಗೆ ಸಡಿಲ ಮಾಡ್ತಾ ಇರ್ಬೇಕು, ಇಲ್ಲಾಂದ್ರೆ ಕತ್ತು ಹಿಸುಕಿದ ಹಾಗಾಗುತ್ತೆ. ಡಬ್ಬ ಸಾಲದ ಕಡೆ ಜಾಲರಿ ತಂದೆ, ಅದಕ್ಕೆ ದುಡ್ಡು ಬಿತ್ತು. ಬಿಲದ ಸುತ್ತಲಿನ ನಮ್ಮ ಜಾಗದ ಲಂಟಾನ ಸವರಿದ್ವಿ, ಮರೆ ಕಮ್ಮಿ ಆಗ್ಲಿ ಅಂತ. ತಗಡು ಕಟ್ಟಿದ ಸಸಿ ಮುಟ್ಟಿಲ್ಲ. ಕಟ್ಟದೇ ಬಿಟ್ಟ ಮೂರನೇ ಸಾಲಲ್ಲಿ ಇನ್ನೂ ಮೂರು ಸಸಿ ಹೋದವು. ಒಟ್ಟು ಹದಿನೇಳು. ಇವತ್ತಿಗೂ ಲೆಕ್ಕ ಹಾಕಿದ್ರೆ ಹೊಟ್ಟೆ ಉರಿಯುತ್ತೆ. ಆ ಮುಳ್ಳುಹಂದಿ ಮೇಲೆ ನನಗೇನೂ ಪ್ರೀತಿ ಇಲ್ಲ. ಆದ್ರೆ ಅದರ ಸಿಟ್ಟನ್ನ ಅರವತ್ತು ಹೆಜ್ಜೆ ಕೆಳಗಿರೋ ಇನ್ನೊಂದರ ಮೇಲೆ ತೀರಿಸಿಕೊಳ್ಳಲಿಲ್ಲ ಅನ್ನೋದೊಂದು ಸಮಾಧಾನ.

ಮೊನ್ನೆ ಸುಲಿಯೋಕೆ ಕೂತಾಗ ಮೇಲಿನ ಮನೆ ಅಣ್ಣ ತಾನಾಗೇ ಬಾಯಿ ಬಿಟ್ಟ. "ನಿಮ್ಮಪ್ಪಯ್ಯನ ಕಾಲದಲ್ಲಿ ಹಿತ್ತಲಲ್ಲಿ ಹೊಗೆ ಹಾಕಿದಾಗ ನಾನೂ ಇದ್ದೆ ಕಣೋ. ಕೊಡಲಿ ನನ್ನ ಕೈಯಲ್ಲೇ ಇತ್ತು" ಅಂದ. ಒಬ್ಬರು ಹೊಡೆದ್ರು ಅಂತ ಮೇಲೆ ಬರೆದೆನಲ್ಲ, ಅದು ಅವನು. ನನಗೆ ಅವತ್ತಿಂದಲೂ ಗೊತ್ತಿತ್ತು. ಇಲ್ಲಿ ಬರೆಯೋಕೆ ಅವನೇ ಹೇಳಿದ, "ಬರಿ, ಬೇರೆಯವರಾದ್ರೂ ಮೊದಲು ನೋಡ್ಲಿ" ಅಂತ.

ನಿಮ್ಮ ತೋಟದಲ್ಲಿ ಬಿಲ ಕಂಡ್ರೆ ಒಂದು ರಾತ್ರಿ ಬೂದಿ ಹಾಕಿ ನೋಡಿ. ಖರ್ಚೇನಿಲ್ಲ. ಚಿಪ್ಪುಹಂದಿ, ಸೊಂಡಿಲಿಗೆ ನಿಮ್ಮ ಕಡೆ ಬೇರೆ ಹೆಸರಿದ್ರೆ ತಿಳಿಸಿ, ಬರೆದಿಟ್ಕೊಳ್ತೀನಿ. ಮುಳ್ಳುಹಂದಿ ತಡೆಯೋಕೆ ತಗಡಿಗಿಂತ ಒಳ್ಳೇ ಉಪಾಯ ಯಾರ ಹತ್ರ ಇದ್ರೂ ದಯವಿಟ್ಟು ಹೇಳಿ, ನನ್ನ ಮೂರನೇ ಸಾಲು ಇನ್ನೂ ಬಯಲಲ್ಲೇ ಇದೆ. ಬೇಯಿಸೋ ಹಂಡೆ ಕೂಗ್ತಾ ಇದೆ, ಬರ್ಲಾ.